ಎಲ್ಲರೂ ಕಣ್ಣು ಮುಚ್ಚಿದ ಹೊತ್ತು

ನಾನು ಕದ್ದು ನೋಡುವವಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೈಯುವುದು ಬೇಡ. ವೇದಿಕೆ ಮೇಲಿಂದ ‘ಎಲ್ಲರೂ ತಲೆ ಬಾಗಿಸಿ, ಎಲ್ಲರೂ ಕಣ್ಣು ಮುಚ್ಚಿ’ ಅಂದ ಕೂಡಲೇ ನನ್ನ ರೆಪ್ಪೆ ತಾನಾಗಿ ಒಂಚೂರು ತೆರೆದುಕೊಳ್ಳುತ್ತದೆ. ಚಿಕ್ಕಂದಿನಿಂದ ಹೀಗೇ. ಅಮ್ಮ ಊಟದ ಪ್ರಾರ್ಥನೆ ಹೇಳುವಾಗ ಕೋಳಿತೊಡೆ ಯಾರ ತಟ್ಟೆಗೆ ಬಿದ್ದಿದೆ ಅಂತ ನೋಡುತ್ತಿದ್ದೆ. ನಮ್ಮಕ್ಕ ಗ್ಲೆಂಡಾ ಹಾಗಲ್ಲ. ಮುಚ್ಚು ಅಂದರೆ ಮುಚ್ಚುವವಳು, ತೆರೆ ಅಂದರೆ ತೆರೆಯುವವಳು. ಆ ಶುಕ್ರವಾರ ಸಂಜೆ ಇಲಿನಾಯ್ ರಾಜ್ಯದ ಹೊಲವೊಂದರಲ್ಲಿ ನಾಲ್ಕು ಸಾವಿರ ಜನ ಕಣ್ಣು ಮುಚ್ಚಿ ನಿಂತಿದ್ದಾಗ ಅವಳು ಮಾತ್ರ ಕಣ್ಣು ಬಿಟ್ಟಿರಬೇಕಾಗಿತ್ತು, ಅದೇ ಅವಳ ಕೆಲಸ. ಅವಳು ನೋಡಿದ್ದನ್ನು ನಾನೂ ನೋಡಿದೆ. ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆ ರಾತ್ರಿ ಎಷ್ಟು ಸಲ ಅಂದುಕೊಂಡೆನೋ.

ಗ್ಲೆಂಡಾಗೆ ಈ ಹುಚ್ಚು ಹತ್ತಿದ್ದು ಎಪ್ಪತ್ತೆರಡರಲ್ಲಿ, ಅವಳ ಹದಿಮೂರನೇ ವಯಸ್ಸಿಗೆ. ನಮ್ಮೂರು ಎಲ್ಡನ್ ಕ್ರಾಸಿಂಗಿನ ಸ್ಕೇಟಿಂಗ್ ಹಾಲಿಗೆ ಭುಜದವರೆಗೆ ಕೂದಲು ಬಿಟ್ಟ ನಾಲ್ವರು ಹುಡುಗರು ಲಡಕಾಸಿ ವ್ಯಾನಿನಲ್ಲಿ ಬಂದರು. ಕೈಯಲ್ಲಿ ಗಿಟಾರು, ಹಿಂದೆ ಡ್ರಮ್ಮು, ಬಾಯಲ್ಲಿ ಯೇಸು. ಇಂಡಿಯಾನಾದ ನಮ್ಮ ಮೂಲೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

‘ಇವರ ಕೂದಲು ನೋಡಿದ್ರೆ ಕರ್ತನೇ ಕತ್ತರಿ ಹಿಡ್ಕೊಂಡು ಇಳಿದು ಬರ್ತಾನೆ’ ಅಂದರು ಅಪ್ಪ.

‘ಗೋಡೆ ಮೇಲಿನ ಪಟದಲ್ಲಿ ಕರ್ತ ಯೇಸುವಿಗೂ ಅಷ್ಟೇ ಕೂದಲಿದೆಯಲ್ಲಪ್ಪ’ ಅಂದಳು ಗ್ಲೆಂಡಾ. ಆ ರಾತ್ರಿ ಅವಳಿಗೆ ಊಟ ಸಿಗಲಿಲ್ಲ.

ಹಸಿದುಕೊಂಡೇ ನನ್ನ ಪಕ್ಕ ಮಲಗಿ, ನನ್ನ ಕೈ ಎಳೆದು ತನ್ನ ಎದೆ ಮೇಲೆ ಇಟ್ಟುಕೊಂಡಳು. ‘ಟ್ವೈಲಾ, ಡ್ರಮ್ ಹೊಡೆದಾಗ ಇಲ್ಲಿ ಗುದ್ದತ್ತೆ ಕಣೇ. ಚರ್ಚಲ್ಲಿ ನಂಗೆ ಇಲ್ಲಿ ಯಾವತ್ತೂ ಏನೂ ಆಗಿಲ್ಲ.’ ನನಗಾಗ ಹತ್ತು ವರ್ಷ. ಹೃದಯದ ಕಾಯಿಲೆ ಏನಾದರೂ ಬಂತೋ ಅಂತ ಹೆದರಿದೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

ಅಲ್ಲಿಂದ ಮುಂದೆ ಅವಳು ಬಿಟ್ಟ ಕ್ರೈಸ್ತ ರಾಕ್ ಸಂಗೀತ ಕಚೇರಿ ಯಾವುದು ಅಂತ ಕೇಳಿ, ಹೋದದ್ದು ಯಾವುದು ಅಂತ ಕೇಳಬೇಡಿ. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ವರ್ಷವಿಡೀ ರಜೆ ಕೂಡಿಡುವುದು, ಬೇಸಿಗೆಯಲ್ಲಿ ಒಂದೇ ಸಲ ಸುರಿಯುವುದು. ಇನ್ನೂರರ ಮೇಲಾಗಿದೆ ಅನ್ನುತ್ತಾಳೆ. ಚರ್ಚಿನ ನೆಲಮಾಳಿಗೆ, ಕಾರು ನಿಲ್ಲಿಸುವ ಬಯಲು, ಜೋಳ ಕಟಾವಾದ ಹೊಲ, ಒಂದು ಸಲ ಹಂದಿ ಹರಾಜು ಹಾಕುವ ಶೆಡ್ಡು. ಎಡಗಿವಿ ಅರ್ಧ ಹೋಗಿದೆ. ಡಾಕ್ಟರು ಹತ್ತಿ ಇಟ್ಟುಕೊಳ್ಳಿ ಅಂದರೆ, ‘ಹತ್ತಿ ಇಟ್ಕೊಂಡು ಬೈಬಲ್ ಕೇಳಿ ಅಂತ ಯಾರಾದ್ರೂ ಹೇಳ್ತಾರಾ?’ ಅಂತ ಅವರ ಬಾಯಿ ಮುಚ್ಚಿಸಿದಳು. ಸ್ವರ್ಗದಲ್ಲಿ ಡ್ರಮ್ ಇಲ್ಲದಿದ್ದರೆ ಬಾಗಿಲ ಹತ್ತಿರವೇ ಕೂತಿರ್ತೀನಿ, ಒಳಗೆ ಬರಲ್ಲ ಅಂತ ಪಾಸ್ಟರಿಗೇ ಹೇಳಿದವಳು ಅವಳು. ನನಗೆ ಆ ಗದ್ದಲ ಅಂದರೆ ತಲೆನೋವು. ಆದರೂ ಮೂವತ್ತು ವರ್ಷ ಜೊತೆಗೆ ಹೋಗಿದ್ದೇನೆ. ಸ್ಯಾಂಡ್‌ವಿಚ್ ಕಟ್ಟುವವರು ಯಾರಾದರೂ ಬೇಕಲ್ಲ.

ಇನ್ನು ಭಾವ. ಮರ್ಲ್ ರೂಪರ್ಟ್, ಧಾನ್ಯದ ಗೋದಾಮಿನ ಕೆಲಸಗಾರ, ಮಾತು ಕಮ್ಮಿ, ಕೈ ದೊಡ್ಡದು, ಬಲಗೈಯ ತೋರುಬೆರಳಿನ ತುದಿ ಯಂತ್ರಕ್ಕೆ ಹೋಗಿದೆ. ಎಪ್ಪತ್ತೊಂಬತ್ತರಲ್ಲಿ ಗ್ಲೆಂಡಾಳ ಹಿಂದೆ ಬಿದ್ದಿದ್ದ. ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು: ‘ಯೇಸುವನ್ನ ನಂಬಿ ರಕ್ಷಣೆ ಹೊಂದದವನನ್ನ ನಾನು ಕಟ್ಕೊಳಲ್ಲ. ನಿನ್ನ ನೋಡಿದ್ರೆ ನಂಗೆ ಹೊಟ್ಟೆಲಿ ಏನೇನೋ ಆಗತ್ತೆ, ಆದ್ರೂ ಕಟ್ಕೊಳಲ್ಲ.’ ಎರಡು ವಾರಕ್ಕೆ ಸರಿಯಾಗಿ, ಹಳೇ ಕಾರ್ ರೇಸಿನ ಮೈದಾನದಲ್ಲಿ ನಡೆದ ಕಚೇರಿಯಲ್ಲಿ, ಕೊನೆಯ ಹಾಡು ಮುಗಿದು ‘ಕರ್ತನನ್ನು ಒಪ್ಪಿಕೊಳ್ಳುವವರು ಮುಂದೆ ಬನ್ನಿ’ ಅಂದಾಗ ಮರ್ಲ್ ಎದ್ದು ನಡೆದ. ಅತ್ತ ಕೂಡ. ನಾಲ್ಕು ತಿಂಗಳಿಗೆ ಮದುವೆ.

ಅದೇ ಅವಳ ಸಾಕ್ಷಿಯಾಯಿತು. ಎಲ್ಲಿ ಹೋದರೂ, ಯಾರು ಸಿಕ್ಕಿದರೂ ಅದೇ ಕಥೆ. ಎಂಬತ್ತನಾಲ್ಕರಲ್ಲಿ ಹುಡುಗ ಹುಡುಗಿಯರನ್ನು ರಾಕ್ ಕಚೇರಿಗೆ ಕರೆದೊಯ್ಯಲು ಚರ್ಚಿನ ವ್ಯಾನನ್ನು ಕೊಡಬೇಕೋ ಬೇಡವೋ ಅಂತ ಸಭೆ ಕೂತಿತ್ತು. ‘ಡ್ರಮ್ ಸದ್ದಿಗೆ ಪವಿತ್ರಾತ್ಮ ಓಡಿಹೋಗ್ತಾನೆ’ ಅಂತ ಚರ್ಚಿನಲ್ಲಿ ಎಲ್ಲರೂ ಸೋದರ ಅಂತ ಕರೆಯುವ ಆರ್ವಿಲ್ ಮೇಜು ಗುದ್ದಿದ. ಗ್ಲೆಂಡಾ ಎದ್ದು ಗಂಡನ ಕಡೆ ಬೆರಳು ತೋರಿಸಿದಳು. ‘ಇವನೊಳಗಿಂದ ಓಡಿಹೋದನಾ? ಇವನು ರಕ್ಷಣೆ ಹೊಂದಿದ್ದೇ ಡ್ರಮ್ ಸದ್ದಲ್ಲಿ. ಹೇಳಿ, ಮರ್ಲ್ ಸುಳ್ಳಾ?’ ಮೂರು ಕೈ ಹೆಚ್ಚು ಬಂದು ವ್ಯಾನ್ ಸಿಕ್ಕಿತು. ಮುಂದೆ ಮರ್ಲ್ ಸಭೆಯ ಹಿರಿಯನೂ, ಅಂದರೆ ಚರ್ಚು ನಡೆಸುವವರಲ್ಲಿ ಒಬ್ಬನೂ, ಆದ. ಆರ್ವಿಲ್ ಇನ್ನೂ ಬದುಕಿದ್ದಾನೆ, ಇನ್ನೂ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ, ವರ್ಷ ವರ್ಷವೂ ವ್ಯಾನಿನ ವಿಷಯ ಎತ್ತುತ್ತಾನೆ. ವರ್ಷ ವರ್ಷವೂ ಅವಳ ಉತ್ತರ ಮರ್ಲ್.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಎರಡು ಸಾವಿರದ ಎಂಟು, ಜುಲೈ ಹದಿನೆಂಟು. ಮೂರು ದಿನದ ಕ್ರೈಸ್ತ ರಾಕ್ ಉತ್ಸವ, ಅಂದು ಎರಡನೇ ದಿನ. ಚರ್ಚಿನ ವ್ಯಾನಿನಲ್ಲಿ ನಮ್ಮ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆವು. ಗ್ಲೆಂಡಾ ಹದಿನೈದು ವರ್ಷದಿಂದ ಅಲ್ಲಿ ಹಸಿರು ಪಟ್ಟಿಯವಳು. ಕತ್ತಿಗೆ ಹಸಿರು ಪಟ್ಟಿ ಹಾಕಿಕೊಂಡವರು ಹೊಲದ ಒಂದೊಂದು ಭಾಗದಲ್ಲಿ ಇಬ್ಬಿಬ್ಬರು ನಿಲ್ಲುತ್ತಾರೆ, ಒಬ್ಬ ಗಂಡಸು, ಒಬ್ಬಳು ಹೆಂಗಸು. ಸಂಜೆ ಕಡೆಯ ಹಾಡಾದ ಮೇಲೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ‘ಇವತ್ತಿನವರೆಗೆ ನಾನು ಕರ್ತನವನಾಗಿರಲಿಲ್ಲ, ಇವತ್ತು ಆಗ್ತೀನಿ’ ಅನ್ನುವವರು ಕೈ ಎತ್ತಬೇಕು. ಪಕ್ಕದವರು ನೋಡಬಾರದು, ನಾಚಿಕೆಯಾಗಬಾರದು ಅಂತ ಈ ಏರ್ಪಾಡು. ಹಸಿರು ಪಟ್ಟಿಯವರು ಮಾತ್ರ ನೋಡಿ, ಕೈ ಎತ್ತಿದವರ ಹತ್ತಿರ ಹೋಗಿ, ಡೇರೆಗೆ ಕರೆದೊಯ್ದು, ಜೊತೆಗೆ ಪ್ರಾರ್ಥಿಸಿ, ಒಂದು ಕಾರ್ಡು ತುಂಬಿಸುತ್ತಾರೆ. ಕಾರ್ಡಿನಲ್ಲಿ ಎರಡು ಚೌಕ. ಒಂದು ‘ಮೊದಲ ಸಲ’, ಇನ್ನೊಂದು ‘ಮರುಸಮರ್ಪಣೆ’, ಅಂದರೆ ಮೊದಲೇ ನಂಬಿದ್ದು ನಡುವೆ ದಾರಿ ತಪ್ಪಿದವರಿಗೆ. ಆ ಕಾರ್ಡು ಆಯಾ ಊರಿನ ಪಾಸ್ಟರಿಗೆ ಹೋಗುತ್ತದೆ.

ಮರ್ಲ್ ಯಾವಾಗಲೂ ಹಿಂದೆ, ನನ್ನ ಪಕ್ಕ, ಮಡಚುವ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುವವನು. ಆವತ್ತು ಕುರ್ಚಿ ಎತ್ತಿಕೊಂಡ. ‘ಮುಂದೆ ಹೋಗಿ ಕೂರ್ತೀನಿ’ ಅಂದ. ನನ್ನ ಕಾಲ ಬುಡದಲ್ಲಿ ಸಿಪ್ಪೆ ಬೀಳುವುದು ತಪ್ಪಿತಲ್ಲ ಅಂತ ನಾನು ಖುಷಿಪಟ್ಟೆ. ಅವನು ಗ್ಲೆಂಡಾ ನಿಂತಿದ್ದ ಭಾಗಕ್ಕೇ ಹೋಗಿ ಹಗ್ಗದ ಪಕ್ಕ ಕೂತ, ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ. ಗ್ಲೆಂಡಾಳ ಜೊತೆಗಾರ ಡ್ವೈಟ್ ಬಿಸಿಲಿಗೆ ತಲೆ ಸುತ್ತಿ ಔಷಧಿ ಡೇರೆಯಲ್ಲಿ ಮಲಗಿದ್ದ. ಅವಳೊಬ್ಬಳೇ.

ಎಂಟು ಗಂಟೆ, ಇನ್ನೂ ಬೆಳಕಿತ್ತು. ಹಾಡು ನಿಂತಿತು. ತಲೆ ಬಾಗಿಸಿ, ಕಣ್ಣು ಮುಚ್ಚಿ. ನನ್ನ ರೆಪ್ಪೆ ತೆರೆಯಿತು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಆಮೇಲೆ ಹಗ್ಗದ ಪಕ್ಕದಿಂದ ದೊಡ್ಡ ಕೈಯೊಂದು ನಿಧಾನವಾಗಿ ಎದ್ದಿತು. ತೋರುಬೆರಳಿನ ತುದಿ ಇಲ್ಲದ ಕೈ.

ಮರ್ಲ್! ಸಭೆಯ ಹಿರಿಯ! ಇಪ್ಪತ್ತು ವರ್ಷ ಚರ್ಚಿನಲ್ಲಿ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚಿದ ಕೈ! ಇವತ್ತಿನವರೆಗೆ ನಾನು ನಂಬಿರಲಿಲ್ಲ ಅನ್ನುತ್ತಿದೆಯಲ್ಲ ಅದು. ಹಾಗಾದರೆ ರೇಸಿನ ಮೈದಾನ? ಆ ಅಳು? ಆ ಮದುವೆ?

ಗ್ಲೆಂಡಾ ಅವನ ಮುಂದೆ, ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಟಾರ್ಚ್ ಇತ್ತು. ಗಂಡಸರ ಹತ್ತಿರ ಗಂಡಸರೇ ಹೋಗಬೇಕು ಅನ್ನುವುದು ನಿಯಮ. ಟಾರ್ಚನ್ನು ಎರಡು ಸಲ ಮಿನುಗಿಸಿದ್ದರೆ ಪಕ್ಕದ ಭಾಗದವನು ಓಡಿ ಬರುತ್ತಿದ್ದ. ಅವಳು ಮಿನುಗಿಸಲಿಲ್ಲ. ನಿಂತೇ ನಿಂತಳು. ನಾನು ಹತ್ತು ಎಣಿಸಿದೆ. ಆಮೇಲೆ ನಮ್ಮಕ್ಕ, ಒಬ್ಬ ಅಪರಿಚಿತ ಕೈ ಎತ್ತಿದರೂ ಎರಡು ಹಗ್ಗ ಹಾರಿ ಓಡುವ ನಮ್ಮಕ್ಕ, ಗಂಡನ ಕುರ್ಚಿ ದಾಟಿ ಹಿಂದಿನ ಸಾಲಿಗೆ ನಡೆದು, ಕೈ ಎತ್ತಿದ್ದ ಎರಡು ಜಡೆಯ ಒಬ್ಬ ಹುಡುಗಿಯ ಭುಜದ ಮೇಲೆ ಕೈ ಇಟ್ಟಳು.

‘ಕೈ ಎತ್ತಿದವರ ಹತ್ತಿರ ನಮ್ಮವರು ಬಂದಿದ್ದಾರೆ, ಇನ್ನು ಕೈ ಇಳಿಸಿ’ ಅಂದ ವೇದಿಕೆಯವನು. ಮರ್ಲ್‌ನ ಕೈ ಇಳಿಯಿತು. ಜನ ಕಣ್ಣು ಬಿಟ್ಟು ಚದುರಿದರು. ಅವನು ಅಲ್ಲೇ ಕಾಲು ಗಂಟೆ ನಿಂತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಕಡೆಗೆ ಕುರ್ಚಿ ಮಡಚಿಕೊಂಡು ಬಂದು, ‘ನಡಿ ಟ್ವೈಲಾ, ಹುಡುಗರಿಗೆ ಊಟ ಕೊಡೋಣ’ ಅಂದ. ನಾನು ಬುತ್ತಿ ಎತ್ತಿಕೊಂಡು ಹೊರಟೆ. ಕಣ್ಣು ಮುಚ್ಚಿದ ಹೊತ್ತಲ್ಲಿ ನೋಡಿದ್ದನ್ನು ಹೇಳಬಾರದು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ನೆಪ ನನಗೂ ಸಿಕ್ಕಿತು.

ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಗ್ಲೆಂಡಾಳನ್ನು ಹಿಡಿದೆ. ಅವಳ ಕಣ್ಣು ಕೆಂಪಗೆ ಊದಿತ್ತು.

‘ನಿದ್ದೆ ಬರ್ಲಿಲ್ವಾ?’

‘ಸೊಳ್ಳೆ.’

‘ಸೊಳ್ಳೆ ಅಂತೆ ಸೊಳ್ಳೆ! ಗ್ಲೆಂಡಾ, ನಾನೂ ನೋಡ್ದೆ.’

ಅವಳ ಕೈಯಲ್ಲಿದ್ದ ಹಲ್ಲುಜ್ಜುವ ಬ್ರಷ್ಷು ಕೆಸರಿಗೆ ಬಿತ್ತು. ನನ್ನ ತೋಳು ಹಿಡಿದು ಸಾಲಿನಿಂದ ಆಚೆ ಎಳೆದಳು. ‘ನಿಂಗೆ ನಾಚಿಕೆ ಆಗಲ್ವೇನೇ? ಐವತ್ತು ಹತ್ರ ಬಂತು, ಇನ್ನೂ ಕದ್ದು ನೋಡ್ತೀಯಾ?’

‘ಕದ್ದು ನೋಡಿದ್ದು ನನ್ನ ತಪ್ಪು. ನೋಡಿ ದಾಟ್ಕೊಂಡು ಹೋಗಿದ್ದು ಯಾರ ತಪ್ಪು?’

ನಾನು ಅಷ್ಟು ಜೋರಾಗಿ ಹೇಳಬಾರದಿತ್ತು. ಅವಳು ಅಲ್ಲೇ, ಹುಲ್ಲಿನ ಮೇಲೆ, ಜನ ನೋಡುತ್ತಿದ್ದರೂ ಕುಸಿದು ಕೂತಳು. ‘ಕಾಲು ಆ ಕಡೆ ಹೋಗ್ಲಿಲ್ಲ ಕಣೇ. ಹೋಗಿ ಕಾರ್ಡ್ ತುಂಬಿಸಿದ್ರೆ ನಮ್ಮ ಪಾಸ್ಟರ್ ಲೋವೆಲ್ ಕೈಗೆ ಹೋಗತ್ತೆ. ಆರ್ವಿಲ್‌ಗೆ ಗೊತ್ತಾಗತ್ತೆ. ವ್ಯಾನ್ ಹೋಯ್ತು. ಇಪ್ಪತ್ತೊಂಬತ್ತು ವರ್ಷ ನಾನು ಹೇಳಿದ್ದೆಲ್ಲ ಹೋಯ್ತು. ಅಷ್ಟೂ ಒಂದೇ ಸಲ ತಲೇಲಿ ಬಂತು, ಆ ಜಡೆ ಹುಡುಗಿ ಕಾಣಿಸಿದ್ಲು, ಹೋಗ್ಬಿಟ್ಟೆ.’

‘ಈಗ ಹೋಗಿ ಹೇಳು.’

‘ಏನಂತ? ನಿನ್ನ ಕೈ ನೋಡ್ದೆ, ಆದ್ರೆ ನನ್ನ ಮಾನ ಮುಖ್ಯ ಆಯ್ತು ಅಂತಾನಾ?’ ಮೂಗು ಒರೆಸಿಕೊಂಡಳು. ‘ಇವತ್ತು ಸಂಜೆ ಮತ್ತೆ ಕರೀತಾರೆ. ಕಡೇ ದಿನ. ಅವನು ಮತ್ತೆ ಎತ್ತಿದ್ರೆ ಮೊದಲು ಅವನ ಹತ್ರಾನೇ ಹೋಗ್ತೀನಿ. ಯಾರ ಮುಖಾನೂ ನೋಡಲ್ಲ.’

‘ಎತ್ತದಿದ್ರೆ?’

ನಮ್ಮ ಲೆಕ್ಕದಲ್ಲಿ ಅದಕ್ಕೆ ಒಂದೇ ಉತ್ತರ. ಒಬ್ಬ ಮನುಷ್ಯ ತನ್ನ ಐವತ್ತೆರಡನೇ ವಯಸ್ಸಿಗೆ ಒಂದು ಸಲ ಬಾಗಿಲ ತನಕ ಬಂದ. ಬಾಗಿಲಲ್ಲಿ ನಿಂತವಳು ತೆರೆಯಲಿಲ್ಲ. ಅವನು ಹಾಗೇ ಸತ್ತರೆ ನರಕಕ್ಕೆ ಹೋಗುತ್ತಾನೆ ಅಂತ ನಂಬುವವರು ನಾವು. ಸುಮ್ಮನೆ ಬಾಯಿಮಾತಿಗೆ ನಂಬುವುದಲ್ಲ. ಅದರ ಮೇಲೆ ಅದೇ ವರ್ಷದ ಏಪ್ರಿಲಿನಲ್ಲಿ ಮರ್ಲ್ ಗೋದಾಮಿನ ಜೋಳದ ಕಣಜದೊಳಗೆ ಎದೆಮಟ್ಟ ಹೂತುಹೋಗಿದ್ದ, ಎರಡು ಗಂಟೆ ಹೋರಾಡಿ ಅವನನ್ನು ಎಳೆದು ತೆಗೆದಿದ್ದರು. ಸಾವು ಎಷ್ಟು ಹತ್ತಿರ ಬರುತ್ತದೆ ಅಂತ ಗ್ಲೆಂಡಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಇಡೀ ದಿನ ನನಗೆ ಮುಳ್ಳಿನ ಮೇಲೆ ಕೂತಂತಿತ್ತು. ಗ್ಲೆಂಡಾ ಮರ್ಲ್‌ಗೆ ಮೂರು ಸ್ಯಾಂಡ್‌ವಿಚ್ ಕೊಟ್ಟಳು, ಆಮೇಲೆ ನಾಲ್ಕನೆಯದು, ಆಮೇಲೆ ತನ್ನದನ್ನೂ.

‘ಏನೇ ಇದು, ನನ್ನ ಮಾರೋಕೆ ಕೊಬ್ಬಿಸ್ತಿದೀಯಾ?’ ಅಂದ ಅವನು.

ಅವಳು ನಗಲಿಲ್ಲ. ‘ಸಂಜೆ ಎಲ್ಲಿ ಕೂರ್ತೀಯಾ?’ ಅಂತ ಕೇಳಿದಳು.

‘ನೋಡೋಣ’ ಅಂದ. ಅಷ್ಟೇ. ಮುಖದಲ್ಲಿ ಏನೂ ಕಾಣಲಿಲ್ಲ. ನನಗೆ ಅವನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

ಎರಡು ಗಂಟೆಗೆ ಗಾಳಿ ನಿಂತಿತು. ಬೆವರು ಒರೆಸಿದಷ್ಟೂ ಬರುತ್ತಿತ್ತು. ಮೂರೂವರೆಗೆ ಪಶ್ಚಿಮದಲ್ಲಿ ಮೋಡ ಎದ್ದು, ನಾಲ್ಕರ ಹೊತ್ತಿಗೆ ಆಕಾಶ ಹಸಿರಾಯಿತು. ಆ ಹಸಿರು ಅಂದರೆ ಸುಂಟರಗಾಳಿ ಅಂತ ನಮ್ಮಲ್ಲಿ ಹಸುಳೆಗೂ ಗೊತ್ತು. ಸೈರನ್ ಕೂಗಿತು. ‘ಎಲ್ಲರೂ ವಾಹನಗಳಿಗೆ ಹೋಗಿ, ಇಲ್ಲ ದನದ ಕೊಟ್ಟಿಗೆಗೆ ಹೋಗಿ. ಇವತ್ತಿನ ಕಾರ್ಯಕ್ರಮ ರದ್ದು. ಸಂಜೆಯದೂ ರದ್ದು’ ಅಂತ ಧ್ವನಿವರ್ಧಕ ಹೇಳಿತು. ನಮ್ಮ ಹುಡುಗ ಹುಡುಗಿಯರನ್ನು ಉತ್ಸವದವರು ಕೊಟ್ಟಿಗೆಗೆ ಕರೆದೊಯ್ದರು.

‘ರದ್ದಾ? ಹೇಗೆ ರದ್ದು ಮಾಡ್ತಾರೆ?’ ಅಂದವಳೇ ಗ್ಲೆಂಡಾ ವೇದಿಕೆ ಕಡೆ ಓಡಿದಳು. ನಾನು ಹಿಂದೆ ಓಡಿದೆ. ತಂತಿ ಸುತ್ತುತ್ತಿದ್ದ ಒಬ್ಬನ ತೋಳು ಹಿಡಿದುಕೊಂಡಳು.

‘ಹಾಡು ಬೇಡ. ಡ್ರಮ್ ಬೇಡ. ಬರೀ ಕರೆ ಕೊಡಿ. ಎರಡೇ ನಿಮಿಷ. ಮೈಕ್ ಕೊಡಿ, ನಾನೇ ಕೊಡ್ತೀನಿ.’

‘ತಲೆ ಕೆಟ್ಟಿದೆಯೇನಮ್ಮಾ? ಮಿಂಚು ನೋಡಿ! ಕಾರಿಗೆ ಹೋಗಿ!’

‘ಒಬ್ಬ ಇದಾನೆ ಸ್ವಾಮಿ. ಒಬ್ಬನೇ ಒಬ್ಬ…’

‘ಹೋಗೀಮ್ಮಾ!’

ಡ್ರಮ್ ಬೇಡ ಅಂತ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವಳನ್ನು ಎಳೆದುಕೊಂಡು ವ್ಯಾನಿಗೆ ಬರುವಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ವ್ಯಾನ್ ಖಾಲಿ. ಚಕ್ರದ ಹತ್ತಿರ ನಿಂತಿದ್ದ ಪಕ್ಕದ ಚರ್ಚಿನವನೊಬ್ಬ ಕೂಗಿ ಹೇಳಿದ: ‘ಮರ್ಲ್ ಔಷಧಿ ಡೇರೆಗೆ ಹೋದ. ಒಳಗೆ ಮಲಗಿರೋರನ್ನ ಸಾಗಿಸೋ ತನಕ ಕಂಬ ಹಿಡಿಯೋಕೆ ಜನ ಬೇಕಂತೆ!’

‘ಕಬ್ಬಿಣದ ಕಂಬ’ ಅಂದಳು ಗ್ಲೆಂಡಾ.

ನಾವಿಬ್ಬರೂ ಒಳಗೆ ಕೂತೆವು. ಮಿಂಚು ಹೊಡೆದಾಗ ಹೊಲವೆಲ್ಲ ಬೆಳ್ಳಗಾಗಿ ಆರುತ್ತಿತ್ತು. ಸದ್ದು ತಡವಿಲ್ಲದೆ ಬರುತ್ತಿತ್ತು, ಅಂದರೆ ನಮ್ಮ ತಲೆ ಮೇಲೇ ಇತ್ತು.

‘ಟ್ವೈಲಾ, ಅವನು ಈಗ ಸತ್ರೆ ಎಲ್ಲಿಗೆ ಹೋಗ್ತಾನೆ ಹೇಳು.’

‘ಬಿಡ್ತು ಅನ್ನು ಮಾರಾಯ್ತಿ!’

‘ಹೇಳು ಅಂದೆ. ನಿಂಗೂ ಗೊತ್ತು. ನಾನೇ ಕೈಯಾರೆ ಕಳಿಸಿದ ಹಾಗಾಗತ್ತೆ.’ ಬಾಗಿಲು ಸರಿಸಿದಳು. ನಾನು ಅವಳ ಅಂಗಿ ಹಿಡಿದೆ, ಅವಳು ಕೊಸರಿಕೊಂಡಳು. ಆಲಿಕಲ್ಲು ಬೀಳುತ್ತಿದ್ದ ಹೊಲದಲ್ಲಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ಓಡಿ ಮಾಯವಾದಳು.

ನಾನು ಹೋಗಲಿಲ್ಲ. ಹೆದರಿಕೆಯಾಯಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮುಂದಿನ ಸೀಟಿನಲ್ಲಿ ಮುದುಡಿ ಕೂತು, ಕರ್ತನೇ ಕರ್ತನೇ ಅಂತ ಅದೊಂದೇ ಪದ ಹೇಳಿಕೊಂಡೆ. ಎಷ್ಟು ಹೊತ್ತೋ. ಆ ಸದ್ದಿನಲ್ಲೂ ಒಂದು ಸಲ ಏನೋ ದೊಡ್ಡದಾಗಿ ಹರಿದ ಸದ್ದು ಕೇಳಿಸಿತು. ಡೇರೆ ಹೋಯಿತು ಅಂದುಕೊಂಡೆ. ಇಬ್ಬರೂ ಹೋದರು ಅಂತಲೂ ಅಂದುಕೊಂಡೆ.

ಬಾಗಿಲು ಸರಿಯಿತು. ಮರ್ಲ್ ಅವಳನ್ನು ಒಳಗೆ ತಳ್ಳಿ ತಾನೂ ಹತ್ತಿದ. ಅವನ ಹಣೆ ಸೀಳಿ ರಕ್ತ ಹುಬ್ಬಿನವರೆಗೆ ಇಳಿದಿತ್ತು. ಅವಳ ಒಂದು ಚಪ್ಪಲಿ ಇರಲಿಲ್ಲ.

‘ಬುದ್ಧಿ ಇದೆಯೇನೇ ನಿಂಗೆ? ಈ ಮಳೇಲಿ ಯಾಕೆ ಬಂದೆ?’ ಅಂತ ಅವನು ಕೂಗಾಡಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಧ್ವನಿ ಎತ್ತಿದ್ದು ನಾನು ಕೇಳಿರಲಿಲ್ಲ.

ಅವಳು ಕಾಗದದ ಕರವಸ್ತ್ರ ತೆಗೆದು ಅವನ ಹಣೆಗೆ ಒತ್ತಿದಳು. ‘ಮರ್ಲ್, ನಿನ್ನೆ ಸಂಜೆ ನಾನು ನಿನ್ನ ಕೈ ನೋಡ್ದೆ.’

‘ಗೊತ್ತು.’

‘ಏನು ಗೊತ್ತು? ನಾನು ನೋಡಿ, ನೋಡಿದ ಮೇಲೆ…’

‘ಗೊತ್ತು ಗ್ಲೆಂಡಾ. ನಾನು ಕಣ್ಣು ಮುಚ್ಚಿರಲಿಲ್ಲ. ನಿನ್ನೇ ನೋಡ್ತಿದ್ದೆ.’

ವ್ಯಾನಿನ ಕನ್ನಡಿಯಲ್ಲಿ ಅವರಿಬ್ಬರೂ ಕಾಣುತ್ತಿದ್ದರು. ಗ್ಲೆಂಡಾಳ ಕೈ ಅವನ ಹಣೆ ಮೇಲೆ ಹಾಗೇ ನಿಂತಿತ್ತು. ಅವನು ಆ ಭಾಗಕ್ಕೇ ಹೋಗಿ ಕೂತದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಅವನಿಗೆ ಹೇಳಬೇಕಾಗಿದ್ದದ್ದು ಅವಳಿಗೇ. ಬಾಯಿ ಬರಲಿಲ್ಲ, ಕೈ ಎತ್ತಿದ. ಅವಳು ದಾಟಿ ಹೋದಳು. ಆಮೇಲೆ ಬಂದು ಹುಡುಗರಿಗೆ ಊಟ ಕೊಟ್ಟ.

‘ಜೋಳದಲ್ಲಿ ಹೂತಿದ್ದಾಗ’ ಅಂತ ಶುರು ಮಾಡಿದ. ‘ಪ್ರಾರ್ಥನೆ ಮಾಡೋಣ ಅಂತ ಬಾಯಿ ತೆಗೆದೆ. ಯಾರ ಹತ್ರ ಮಾತಾಡ್ತಿದೀನಿ ಅಂತಾನೇ ಗೊತ್ತಾಗ್ಲಿಲ್ಲ. ಎರಡು ಗಂಟೆ ಹೊತ್ತು, ಒಂದು ಹೆಸರೂ ಬಾಯಿಗೆ ಬರ್ಲಿಲ್ಲ. ಅಲ್ಲಿ ಯಾರೂ ಇರ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಆವತ್ತು ರೇಸಿನ ಮೈದಾನದಲ್ಲಿ ನಾನು ಮುಂದೆ ಹೋಗಿದ್ದು ನಿನ್ನ ಕಟ್ಕೋಬೇಕು ಅಂತ. ಅತ್ತಿದ್ದು ಹೆದರಿಕೆಗೆ.’

‘ಎಲ್ಲಾ ಸುಳ್ಳಾ?’ ಅಂದಳು. ‘ನನ್ನ ಮೇಲಿನ ಆಸೆನೂ?’

‘ಅದೊಂದೇ ನಿಜ ಇದ್ದಿದ್ದು.’

ಅವಳು ಅವನ ಭುಜಕ್ಕೆ ಗುದ್ದಿದಳು. ಒಂದಲ್ಲ, ನಾಲ್ಕೈದು ಸಲ, ಮುಷ್ಟಿ ಕಟ್ಟಿ. ‘ಊರೂರಲ್ಲಿ ಹೇಳ್ಕೊಂಡು ಬಂದೆನಲ್ಲೋ! ನಿನ್ನ ತೋರಿಸ್ಕೊಂಡು, ಬೆರಳು ಮಾಡ್ಕೊಂಡು! ಒಂದು ಸಲನಾದ್ರೂ ತಡೀಬಾರ್ದಿತ್ತಾ?’

‘ನೀನು ಹೇಳೋಕೆ ಶುರು ಮಾಡಿದಾಗೆಲ್ಲ ಎದ್ದು ಹೋಗಿ ಕಾಫಿ ಮಾಡ್ತಿದ್ದೆ. ಕೇಳಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ.’

ಹೌದು, ಮಾಡುತ್ತಿದ್ದ. ಸಂಕೋಚದ ಮನುಷ್ಯ ಅಂತ ನಾವೆಲ್ಲ ಅವನನ್ನು ಹೊಗಳುತ್ತಿದ್ದೆವು.

ಗುದ್ದುವುದು ನಿಲ್ಲಿಸಿದಳು. ಅತ್ತಳು. ಅವನೂ ಅತ್ತ. ಆಮೇಲೆ ಅವಳು ಕೇಳಿದಳು, ‘ಈಗಲೂ ಬೇಕಾ ನಿಂಗೆ? ನಿನ್ನೆ ಬೇಕಾಗಿತ್ತಲ್ಲ, ಅದು?’

‘ಬೇಕು.’

‘ಇಲ್ಲಿ ಹಾಡಿಲ್ಲ, ಏನೂ ಇಲ್ಲ. ನಾನಿದೀನಿ ಅಷ್ಟೇ. ನಾನೂ ಎಂಥೋಳು ಅಂತ ನೋಡ್ದೆಯಲ್ಲ.’

‘ಸಾಕು ಬಾ’ ಅಂದ.

ಇಬ್ಬರೂ ಸೀಟುಗಳ ನಡುವಿನ ಸಂದಿಯಲ್ಲಿ, ಖಾಲಿ ಬಾಟಲಿ, ಒದ್ದೆ ಟವೆಲ್ಲುಗಳ ಮಧ್ಯೆ ಮೊಣಕಾಲೂರಿದರು. ಏನು ಪ್ರಾರ್ಥಿಸಿದರೋ ನನಗೆ ಕೇಳಲಿಲ್ಲ. ತಗಡಿನ ಮೇಲೆ ಆಲಿಕಲ್ಲು ಅಷ್ಟು ಜೋರಾಗಿ ಬಡಿಯುತ್ತಿತ್ತು. ಅವಳು ಅವನ ಕೈ ಎರಡನ್ನೂ ಹಿಡಿದಿದ್ದಳು. ತುಂಬ ಹೊತ್ತಾಯಿತು. ನನ್ನ ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ.

ಎದ್ದು ಕೂತ ಮೇಲೆ ಗ್ಲೆಂಡಾ ಕತ್ತಿನ ಹಸಿರು ಪಟ್ಟಿಗೆ ತಗಲಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಕಾರ್ಡು, ಪೆನ್ನು ತೆಗೆದಳು. ಕಾರ್ಡಿನ ಅಂಚು ಒದ್ದೆಯಾಗಿತ್ತು. ಹೆಸರು ಬರೆದಳು. ಚರ್ಚಿನ ಹೆಸರು ಬರೆದಳು. ಚೌಕದ ಹತ್ತಿರ ಪೆನ್ನು ನಿಂತಿತು.

ನಾನು ತಡೆಯಲಾರದೆ ಬಾಯಿ ಹಾಕಿದೆ. ‘ಮರುಸಮರ್ಪಣೆ ಅಂತ ಹಾಕೇ. ಯಾರಿಗೇನು ನಷ್ಟ? ದೇವರಿಗೆ ಗೊತ್ತಲ್ಲ ನಿಜ ಏನು ಅಂತ. ಹಿರಿತನ ಉಳಿಯತ್ತೆ, ವ್ಯಾನ್ ಉಳಿಯತ್ತೆ.’

‘ನೀನು ನಿದ್ದೆ ಮಾಡ್ತಿದ್ದೆ ಅಂದ್ಕೊಂಡಿದ್ದೆ’ ಅಂದ ಮರ್ಲ್.

‘ಈ ಸದ್ದಲ್ಲಿ ಸತ್ತೋರೂ ನಿದ್ದೆ ಮಾಡಲ್ಲ.’

ಗ್ಲೆಂಡಾ ಗಂಡನ ಮುಖ ನೋಡಿದಳು. ‘ಭಾನುವಾರ ಎದ್ದು ನಿಂತು ಹೇಳ್ಬೇಕಾಗತ್ತೆ. ಹಿರಿತನ ಹೋಗತ್ತೆ.’

‘ಹೋಗ್ಲಿ. ನಿನ್ನ ವ್ಯಾನೂ ಹೋಗತ್ತೆ.’

ನನಗೆ ಗೊತ್ತು, ಆ ವ್ಯಾನ್ ಅವಳಿಗೆ ಎಷ್ಟು ಮುಖ್ಯ ಅಂತ. ಬೇಸಿಗೆ ಬಂದರೆ ಹದಿನೈದು ಸೀಟು ತುಂಬಿಸಿಕೊಂಡು, ಕಿಟಕಿ ಇಳಿಸಿ, ಅಪಸ್ವರದಲ್ಲಿ ಕಿರುಚಿಕೊಂಡು ಹೋಗುವುದಕ್ಕೇ ಅವಳು ಉಳಿದ ಒಂಬತ್ತು ತಿಂಗಳು ಶಾಲೆಯ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಕಿಟಕಿ ಕಡೆ ಒಂದು ಸಲ ನೋಡಿದಳು. ವೇದಿಕೆಯ ಮೇಲಿನ ಹೊದಿಕೆ ಹರಿದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ‘ಮೊದಲ ಸಲ’ ಅನ್ನುವ ಚೌಕದಲ್ಲಿ ಗುರುತು ಹಾಕಿದಳು. ಪೆನ್ನು ಕಾಗದ ತೂತಾಗುವ ಹಾಗೆ ಒತ್ತಿತು.

ಕೆಳಗೆ ದಿನಾಂಕದ ಗೆರೆ ಇತ್ತು.

‘ನಿನ್ನೇದು ಹಾಕು’ ಅಂದ ಮರ್ಲ್. ಬಹಳ ಮೆತ್ತಗೆ ಹೇಳಿದ. ‘ನಾನು ಕೈ ಎತ್ತಿದ್ದು ನಿನ್ನೆ. ನೀನೂ ಅಲ್ಲೇ ಇದ್ದೆ. ಮಧ್ಯದ್ದು ಯಾರಿಗೂ ಬೇಕಾಗಿಲ್ಲ.’

‘ನಿನ್ನೆ ನಾನು ದಾಟಿ ಹೋದೆ’ ಅಂದಳು ಗ್ಲೆಂಡಾ.

ಜುಲೈ ಹತ್ತೊಂಬತ್ತು ಅಂತ ಅವತ್ತಿನದೇ ತಾರೀಖು ಬರೆದಳು. ಕೆಳಗೆ ತನ್ನ ಹೆಸರು ಬರೆದು, ಕಾರ್ಡನ್ನು ಪಾಸ್ಟರ್ ಲೋವೆಲ್ ವಿಳಾಸದ ಲಕೋಟೆಗೆ ಹಾಕಿ, ನಾಲಿಗೆಯಲ್ಲಿ ಅಂಚು ಒದ್ದೆ ಮಾಡಿ ಅಂಟಿಸಿದಳು.